ಜೆಟ್ ಇಂಧನದ ಮಾದರಿ ಪರೀಕ್ಷೆ: ಟ್ಯಾಂಕ್ ಲಾರಿಯಿಂದ ವಿಮಾನದ ರೆಕ್ಕೆಯವರೆಗೆ ತಪ್ಪದೆ ಪಾಲಿಸಬೇಕಾದ ಕ್ರಮ

ವಿಮಾನ ನಿಲ್ದಾಣದ ಇಂಧನ ಕೇಂದ್ರಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು, ಕೆಲವೊಮ್ಮೆ ಹತ್ತು ವರ್ಷ ಪಳಗಿದವರೂ, ಒಂದೇ ಕಡೆ ತಪ್ಪುತ್ತಾರೆ. ಟ್ಯಾಂಕಿನ ತಳದಿಂದ ಮಾದರಿ ತೆಗೆದಾಗ ಜಾಡಿಯಲ್ಲಿ ನೀರು ಕಾಣುತ್ತದೆ; ಅದನ್ನು ಚೆಲ್ಲಿ ಮತ್ತೊಂದು ತೆಗೆಯುತ್ತಾರೆ, ಅದರಲ್ಲೂ ಹನಿ ಕಂಡರೆ ಇನ್ನೊಂದು; ಕೊನೆಗೆ ತಿಳಿಯಾದ ಜಾಡಿ ಕೈಗೆ ಬಂದಾಗ ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಮಾಡುತ್ತಾರೆ. ಮೊದಲ ಎರಡು ಜಾಡಿಗಳಲ್ಲಿ ಎಷ್ಟು ನೀರಿತ್ತು, ಅದು ಎಲ್ಲಿಂದ ಬಂತು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಮರುದಿನ ಬೆಳಗಿನ ಪಾಳಿಯವರ ಪಾಲಿಗೆ ಅದು ನೀರೇ ಇಲ್ಲದ ಟ್ಯಾಂಕು.

ಎಟಿಎಫ್ ಎಂದು ನಾವು ಕರೆಯುವ ಜೆಟ್ ಎ-1 ಇಂಧನವನ್ನು ಪಡೆಯುವುದರಿಂದ ಹಿಡಿದು ವಿಮಾನಕ್ಕೆ ತುಂಬುವವರೆಗೆ ಯಾವ ಪರೀಕ್ಷೆಯನ್ನು ಯಾವಾಗ ಮಾಡಬೇಕು, ಯಾವ ಲಕ್ಷಣ ಕಂಡರೆ ಕೈ ನಿಲ್ಲಿಸಬೇಕು ಎಂಬುದನ್ನು ಕೆಳಗೆ ಹಂತ ಹಂತವಾಗಿ ವಿವರಿಸಿದ್ದೇನೆ. ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ, ಏಕೆಂದರೆ ನಾನು ಕಂಡ ತಪ್ಪುಗಳಲ್ಲಿ ಹೆಚ್ಚಿನವು ಪರೀಕ್ಷೆ ಮಾಡದೆ ಆದವಲ್ಲ, ಪರೀಕ್ಷೆಯನ್ನು ಹಿಂದುಮುಂದಾಗಿ ಮಾಡಿದ್ದರಿಂದ ಆದವು. ನಿಮ್ಮ ಕೇಂದ್ರದ ಕೈಪಿಡಿ ಇದಕ್ಕಿಂತ ಬಿಗಿಯಾಗಿದ್ದರೆ ಕೈಪಿಡಿಯ ಮಾತೇ ಅಂತಿಮ.

## ಕೆಲಸಕ್ಕೆ ಮುನ್ನ ಕೈಯಲ್ಲಿ ಇರಬೇಕಾದ ಸಾಮಗ್ರಿ

ಅಗಲ ಬಾಯಿಯ, ಗೀರಿಲ್ಲದ, ಕನಿಷ್ಠ ಒಂದು ಲೀಟರಿನ ಗಾಜಿನ ಜಾಡಿ, ಅಥವಾ ಕೊಳವೆಗೇ ಜೋಡಿಸಿರುವ ಮುಚ್ಚಿದ ಗಾಜಿನ ಸ್ಯಾಂಪ್ಲರ್. ಮೊದಲ ಹರಿವನ್ನು ಹಿಡಿಯಲು ಸ್ಟೇನ್‌ಲೆಸ್ ಸ್ಟೀಲಿನ ಅಥವಾ ಒಳಗೆ ಬಿಳಿ ಎನಾಮೆಲ್ ಇರುವ ಬಕೆಟ್, ಅದಕ್ಕೆ ಸ್ಥಿರ ವಿದ್ಯುತ್ತನ್ನು ಹರಿದುಹೋಗಲು ಬಿಡುವ ಬಾಂಡಿಂಗ್ ತಂತಿ. ನೀರು ಪತ್ತೆ ಮಾಡುವ ಕ್ಯಾಪ್ಸೂಲುಗಳು ಮತ್ತು 5 ಮಿಲಿಲೀಟರಿನ ಸಿರಿಂಜ್. ಹೈಡ್ರೋಮೀಟರ್, ಥರ್ಮಾಮೀಟರ್, ಸಾಂದ್ರತೆಯನ್ನು 15 ಡಿಗ್ರಿ ಸೆಲ್ಸಿಯಸ್‌ಗೆ ಪರಿವರ್ತಿಸುವ ಕೋಷ್ಟಕ. ಕಾದಿರಿಸುವ ಮಾದರಿಗಾಗಿ ಶುಚಿಯಾದ ಡಬ್ಬಿ, ಚೀಟಿ, ಸೀಲು. ಇವಿಷ್ಟು ಸಾಕು.

ಪ್ಲಾಸ್ಟಿಕ್ ಬಕೆಟ್ ಬಳಸಲೇಬೇಡಿ. ಇಂಧನ ಹರಿಯುವಾಗ ಸ್ಥಿರ ವಿದ್ಯುತ್ ಉಂಟಾಗುತ್ತದೆ, ಪ್ಲಾಸ್ಟಿಕ್ಕಿನಿಂದ ಅದು ನೆಲಕ್ಕೆ ಹೋಗುವುದಿಲ್ಲ, ಒಂದು ಕಿಡಿ ಹಾರಿದರೂ ಅನಾಹುತವಾಗುತ್ತದೆ. ಜಾಡಿಯನ್ನು ಬಟ್ಟೆಯಲ್ಲಿ ಒರೆಸುವ ಅಭ್ಯಾಸವೂ ಬೇಡ. ಬಟ್ಟೆಯ ನೂಲು ಜಾಡಿಯಲ್ಲಿ ಉಳಿದು ಕೊಳೆಯಂತೆ ಕಾಣುತ್ತದೆ, ಸಾಬೂನಿನ ಅಂಶ ಉಳಿದರೆ ನೀರಿನ ಹನಿಗಳು ಒಂದುಗೂಡದೆ ಚದುರಿಬಿಡುತ್ತವೆ. ಪರೀಕ್ಷಿಸಲಿರುವ ಇಂಧನದಿಂದಲೇ ಜಾಡಿಯನ್ನು ಎರಡು ಮೂರು ಸಲ ತೊಳೆಯಿರಿ.

## ಹಂತ 1: ಲಾರಿಯ ಕಾಗದ, ಸೀಲು, ಸಾಂದ್ರತೆ

ಟ್ಯಾಂಕ್ ಲಾರಿ ಒಳಗೆ ಬಂದ ಕೂಡಲೇ ಮೆದುಗೊಳವೆ ಜೋಡಿಸಲು ಹೊರಡಬೇಡಿ. ಮೊದಲು ಬಿಡುಗಡೆ ಪತ್ರದಲ್ಲಿರುವ ಬ್ಯಾಚ್ ಸಂಖ್ಯೆ, ದರ್ಜೆ, 15 ಡಿಗ್ರಿಯಲ್ಲಿನ ಸಾಂದ್ರತೆಗಳನ್ನು ಓದಿ, ಪ್ರತಿಯೊಂದು ಮುಚ್ಚಳ ಮತ್ತು ಹೊರವಾಲ್ವಿನ ಸೀಲ್ ಸಂಖ್ಯೆಯನ್ನು ಪತ್ರದೊಂದಿಗೆ ತಾಳೆ ನೋಡಿ. ಲಾರಿ ಸಮತಟ್ಟಾದ ನೆಲದಲ್ಲಿ ಕನಿಷ್ಠ 10 ನಿಮಿಷ ಅಲುಗದೆ ನಿಲ್ಲಲಿ. ಅನಂತರ ಪ್ರತಿ ವಿಭಾಗದ ತಳದಿಂದಲೂ ಮಾದರಿ ತೆಗೆಯಿರಿ. ಒಂದು ವಿಭಾಗವನ್ನು ನೋಡಿ ಉಳಿದವನ್ನು ಊಹಿಸಿಕೊಳ್ಳುವುದು ಸಾಮಾನ್ಯ ತಪ್ಪು; ವಿಭಾಗಗಳು ಪ್ರತ್ಯೇಕವಾಗಿರುವುದರಿಂದ ಒಂದರ ಮುಚ್ಚಳದ ಗ್ಯಾಸ್ಕೆಟ್ ಸವೆದಿದ್ದರೆ ನೀರು ಆ ಒಂದರಲ್ಲಿ ಮಾತ್ರ ಇರುತ್ತದೆ.

ಜೆಟ್ ಎ-1ರ ಸಾಂದ್ರತೆ 15 ಡಿಗ್ರಿಯಲ್ಲಿ ಘನಮೀಟರಿಗೆ 775ರಿಂದ 840 ಕಿಲೋಗ್ರಾಂ ಒಳಗಿರಬೇಕು. ಆದರೆ ಈ ವ್ಯಾಪ್ತಿಯೊಳಗಿದೆ ಎಂಬುದಷ್ಟೇ ಸಾಲದು. ನೀವು ಅಳೆದ ಸಂಖ್ಯೆಗೂ ಪತ್ರದಲ್ಲಿರುವ ಸಂಖ್ಯೆಗೂ 3 ಕಿಲೋಗ್ರಾಂಗಿಂತ ಹೆಚ್ಚು ಅಂತರ ಬಂದರೆ ಇಳಿಸುವ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು: ಬೇರೆ ಬ್ಯಾಚ್ ಬಂದಿರಬಹುದು, ಡೀಸೆಲ್ ಅಥವಾ ಪೆಟ್ರೋಲ್ ಬೆರೆತಿರಬಹುದು. ಉಷ್ಣತೆ ಒಂದು ಡಿಗ್ರಿ ಏರಿದರೆ ಸಾಂದ್ರತೆ ಸುಮಾರು 0.7 ಕಿಲೋಗ್ರಾಂ ಇಳಿಯುತ್ತದೆ; ಹಾಗಾಗಿ ಥರ್ಮಾಮೀಟರು ನಾಲ್ಕೈದು ಡಿಗ್ರಿ ತಪ್ಪು ತೋರಿಸಿದರೆ ಒಳ್ಳೆಯ ಇಂಧನವೂ ತಿರಸ್ಕೃತವಾಗುತ್ತದೆ. ಅದಕ್ಕಿಂತ ಅಪಾಯದ ಸಂಗತಿಯೆಂದರೆ, ಕೆಟ್ಟ ಇಂಧನವೂ ಒಪ್ಪಿತವಾಗಿಬಿಡಬಹುದು. ಬಿಸಿಲಿನಲ್ಲಿ ನಿಂತ ಲಾರಿಯ ಮಾದರಿಯನ್ನು ಹವಾನಿಯಂತ್ರಿತ ಕೋಣೆಗೆ ಒಯ್ದು ಹೈಡ್ರೋಮೀಟರನ್ನು ಅಲ್ಲಿ, ಥರ್ಮಾಮೀಟರನ್ನು ಹೊರಗೆ ಓದಿದರೆ ಆಗುವುದು ಇದೇ. ಎರಡನ್ನೂ ಒಂದೇ ಜಾಡಿಯಲ್ಲಿ, ಒಂದೇ ಹೊತ್ತಿನಲ್ಲಿ, ಗಾಳಿ ಬೀಸದ ನೆರಳಿನಲ್ಲಿ ಓದಿ.

ಸಾಂದ್ರತೆ ದೊಡ್ಡ ಬೆರಕೆಯನ್ನು ಹಿಡಿಯುತ್ತದೆಯೇ ಹೊರತು ಸಣ್ಣದನ್ನು ಹಿಡಿಯಲಾರದು. ನೂರಕ್ಕೆ ಒಂದು ಪಾಲು ಡೀಸೆಲ್ ಸೇರಿದ್ದರೆ ಸಾಂದ್ರತೆ ಅರ್ಧ ಕಿಲೋಗ್ರಾಂ ಕೂಡ ಬದಲಾಗದಿರಬಹುದು. ಅದೇ ಪ್ರಮಾಣದ ಪೆಟ್ರೋಲ್ ಫ್ಲ್ಯಾಶ್ ಪಾಯಿಂಟನ್ನು (ಇಂಧನದ ಆವಿ ಕಿಡಿಗೆ ಹೊತ್ತಿಕೊಳ್ಳುವ ಅತಿ ಕಡಿಮೆ ಉಷ್ಣತೆಯನ್ನು) ಕನಿಷ್ಠ ಮಿತಿಯಾದ 38 ಡಿಗ್ರಿಗಿಂತ ಕೆಳಗೆ ತಳ್ಳಬಲ್ಲದು. ಲಾರಿಯು ಹಿಂದಿನ ಸುತ್ತಿನಲ್ಲಿ ಏನನ್ನು ಸಾಗಿಸಿತ್ತು ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಬೇಕೆನ್ನುವುದು ಇದಕ್ಕಾಗಿಯೇ. ಮೂಗನ್ನೂ ಬಳಸಿ: ಸೀಮೆಎಣ್ಣೆಯ ವಾಸನೆಯ ನಡುವೆ ಪೆಟ್ರೋಲಿನ ಘಾಟು ಬಂದರೆ ಸಂಖ್ಯೆ ಏನೇ ಹೇಳಲಿ, ಪ್ರಯೋಗಾಲಯದ ವರದಿ ಬರುವವರೆಗೆ ಇಳಿಸಬೇಡಿ.

## ಹಂತ 2: ತಳಕ್ಕಿಳಿಯಲು ಸಮಯ ಕೊಡುವುದು

ಇಂಧನ ಟ್ಯಾಂಕಿಗೆ ಬಿದ್ದಾಗ ಅದರಲ್ಲಿರುವ ನೀರು ನುಣ್ಣನೆಯ ಹನಿಗಳಾಗಿ ಒಡೆದು ಎಲ್ಲೆಡೆ ತೇಲುತ್ತಿರುತ್ತದೆ. ಪೆಟ್ರೋಲ್ ಜಾತಿಯ ಏವ್‌ಗ್ಯಾಸ್‌ಗೆ ಹೋಲಿಸಿದರೆ ಜೆಟ್ ಇಂಧನ ಮಂದ, ನೀರಿಗೂ ಅದಕ್ಕೂ ಸಾಂದ್ರತೆಯ ಅಂತರವೂ ಕಡಿಮೆ. ಹಾಗಾಗಿ ಏವ್‌ಗ್ಯಾಸ್‌ನಲ್ಲಿ ಮೀಟರ್ ಆಳಕ್ಕೆ 45 ನಿಮಿಷದಲ್ಲಿ ಇಳಿಯುವ ನೀರು ಜೆಟ್ ಎ-1ರಲ್ಲಿ ಇಳಿಯಲು 3 ಗಂಟೆ ಬೇಕು ಎಂಬುದು ಉದ್ಯಮದ ಸಾಮಾನ್ಯ ಲೆಕ್ಕ. ಮೀಟರಿಗೆ 3 ಗಂಟೆ ಅಥವಾ ಒಟ್ಟು 24 ಗಂಟೆ, ಯಾವುದು ಕಡಿಮೆಯೋ ಅಷ್ಟು ಕಾಯಬೇಕು. ಇಂಧನವು ಕೊಳೆಯನ್ನೂ ನೀರನ್ನೂ ಬೇರ್ಪಡಿಸುವ ಫಿಲ್ಟರ್-ವಾಟರ್ ಸೆಪರೇಟರ್ ಮೂಲಕವೇ ಒಳಗೆ ಬಂದಿದ್ದರೆ ನಿಂತ ಟ್ಯಾಂಕಿಗೆ 2 ಗಂಟೆ, ಮಲಗಿಸಿದ ಟ್ಯಾಂಕಿಗೆ 1 ಗಂಟೆ ಸಾಕೆಂದು ನಿಲ್ದಾಣದ ಡಿಪೋಗಳಲ್ಲಿ ಒಪ್ಪುತ್ತಾರೆ. ವಿಮಾನದ ಬಳಿಗೆ ಇಂಧನ ಒಯ್ಯುವ ಟ್ಯಾಂಕ್ ವಾಹನವಾದ ಬೌಸರ್‌ಗೆ ತುಂಬಿದ ಮೇಲೆ 10 ನಿಮಿಷ.

ತುರ್ತು ಹೆಚ್ಚಾದಾಗ ಮೊದಲು ಕತ್ತರಿ ಬೀಳುವುದು ಈ ಹಂತಕ್ಕೆ. ಸಂಜೆಯ ವಿಮಾನಗಳು ಸಾಲಾಗಿ ನಿಂತಿವೆ, ಟ್ಯಾಂಕಿಗೆ ಲಾರಿ ಖಾಲಿಯಾಗಿ ಅರ್ಧ ಗಂಟೆಯಾಗಿದೆ, ಮಾದರಿ ತೆಗೆದರೆ ತಳದಲ್ಲಿ ನೀರೇ ಇಲ್ಲ. ಆ ಮಾದರಿಗೆ ಬೆಲೆಯಿಲ್ಲ. ನೀರು ಇನ್ನೂ ತಳಕ್ಕೆ ಬಂದೇ ಇಲ್ಲ. ತುಂಬುವುದು ಮುಗಿದ ಗಂಟೆಯನ್ನು ಟ್ಯಾಂಕಿನ ಫಲಕದ ಮೇಲೆ ಬರೆಯಿರಿ. ಹೊರವಾಲ್ವಿಗೆ ಬೀಗ ಹಾಕಿ, ಕಾಯುವ ಅವಧಿ ಮುಗಿಯುವವರೆಗೆ ಬೀಗದ ಕೈ ಪಾಳಿಯ ಮೇಲ್ವಿಚಾರಕರ ಬಳಿಯೇ ಇರಲಿ.

ಕರಗಿದ ನೀರಿನ ಸಂಗತಿ ಬೇರೆ. ಇಂಧನ ಎಷ್ಟೇ ತಿಳಿಯಾಗಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ನೀರು ಕರಗಿರುತ್ತದೆ. ತಣಿದಾಗ, ಒಂದು ಡಿಗ್ರಿ ಫ್ಯಾರನ್‌ಹೀಟ್‌ಗೆ ಸರಿಸುಮಾರು ದಶಲಕ್ಷಕ್ಕೆ ಒಂದು ಭಾಗದಂತೆ, ಅದು ಹೊರಬರುತ್ತದೆ. ನೀರು ತುಂಬ ಕರಗಿರುವ 20,000 ಲೀಟರ್ ಇಂಧನ ರಾತ್ರಿಯಲ್ಲಿ 10 ಡಿಗ್ರಿ ಸೆಲ್ಸಿಯಸ್ ತಣಿದರೆ 350 ಮಿಲಿಲೀಟರಿನಷ್ಟು, ಎಂದರೆ ದೊಡ್ಡ ಲೋಟ ತುಂಬುವಷ್ಟು ನೀರು ಬೆಳಗಾಗುವಷ್ಟರಲ್ಲಿ ತಳದಲ್ಲಿ ಕೂತಿರುತ್ತದೆ. ನಿನ್ನೆ ಸಂಜೆ ನೋಡಿದ್ದೇವೆ ಎಂದು ಬೆಳಗಿನ ಮಾದರಿಯನ್ನು ಬಿಡುವಂತಿಲ್ಲ.

## ಹಂತ 3: ತಳದ ಮಾದರಿ, ಮತ್ತು ಮೊದಲ ಹರಿವಿನ ಲೆಕ್ಕ

ಈ ಹಂತವನ್ನು ನಿಧಾನವಾಗಿ ಓದಿ. ಡ್ರೇನ್ ವಾಲ್ವನ್ನು ತುಸುವೇ ತೆರೆದು ತೆಳ್ಳಗೆ ಹರಿಸಿದರೆ ಕೊಳವೆಯಲ್ಲಿ ನಿಂತಿದ್ದ ಇಂಧನ ಮಾತ್ರ ಬರುತ್ತದೆ, ಟ್ಯಾಂಕಿನ ತಗ್ಗಿನಲ್ಲಿ ಕೂತ ನೀರು ಕದಲುವುದಿಲ್ಲ. ವಾಲ್ವನ್ನು ಪೂರ್ತಿ ತೆರೆದು, ರಭಸವಾಗಿ, ಮಾದರಿ ಕೊಳವೆಯ ಒಟ್ಟು ಗಾತ್ರಕ್ಕಿಂತ ಹೆಚ್ಚು ಇಂಧನವನ್ನು ಬಕೆಟ್ಟಿಗೆ ಅಥವಾ ಸ್ಯಾಂಪ್ಲರ್‌ಗೆ ಬಿಡಿ. ಟ್ಯಾಂಕಿನಿಂದ ವಾಲ್ವಿನವರೆಗೆ ಕೊಳವೆಯ ಉದ್ದ, ವ್ಯಾಸ ಗೊತ್ತಿದ್ದರೆ ಗಾತ್ರ ಲೆಕ್ಕ ಹಾಕಬಹುದು. ಆ ಸಂಖ್ಯೆಯನ್ನು ವಾಲ್ವಿನ ಪಕ್ಕದಲ್ಲೇ ಬಣ್ಣದಲ್ಲಿ ಬರೆಸಿಡಿ. ಎಷ್ಟು ಹರಿಸಬೇಕೆಂದು ಗೊತ್ತಿಲ್ಲದೆ ಅಂದಾಜಿನಲ್ಲಿ ಹರಿಸುವವರನ್ನು ನಾನು ತರಬೇತಿಯಲ್ಲಿ ಪ್ರತಿ ಸಲವೂ ನೋಡುತ್ತೇನೆ.

ಹೀಗೆ ಹಿಡಿದ ಮೊದಲ ಹರಿವನ್ನು ಚೆಲ್ಲಬೇಡಿ. ಬಕೆಟ್ಟು ಒಂದೆರಡು ನಿಮಿಷ ನಿಲ್ಲಲಿ. ಬಿಳಿಯ ತಳದಲ್ಲಿ ನೀರು ಗುಂಡಗಿನ ತುಣುಕುಗಳಾಗಿ ಹರಿದಾಡುತ್ತದೆ, ತುಕ್ಕು ಕೆಂಪು ಪುಡಿಯಾಗಿ ಒಂದು ಮೂಲೆಗೆ ಸೇರುತ್ತದೆ, ಮರಳು ಕದಲದೆ ಕೂರುತ್ತದೆ. ನೀರಿನ ಪ್ರಮಾಣವನ್ನು ಅಳೆದು ರಿಜಿಸ್ಟರಿನಲ್ಲಿ ಬರೆಯಿರಿ. ಟ್ಯಾಂಕಿನ ನಿಜಸ್ಥಿತಿಯನ್ನು ಹೇಳುವುದು ಈ ಸಂಖ್ಯೆಯೇ. ದಿನವೂ 50 ಮಿಲಿಲೀಟರ್ ಬರುತ್ತಿದ್ದ ಟ್ಯಾಂಕಿನಲ್ಲಿ ಇಂದು ಒಂದು ಲೀಟರ್ ಬಂತು ಎಂದಾದರೆ, ಆಮೇಲಿನ ಜಾಡಿ ಎಷ್ಟೇ ತಿಳಿಯಾಗಿರಲಿ, ಎಲ್ಲೋ ಬಾಗಿಲು ತೆರೆದುಕೊಂಡಿದೆ ಎಂದೇ ಅರ್ಥ: ಛಾವಣಿಯ ಗಾಳಿಕಿಂಡಿಯೋ, ಮ್ಯಾನ್‌ಹೋಲಿನ ಗ್ಯಾಸ್ಕೆಟ್ಟೋ, ಬಂದ ಬ್ಯಾಚೋ. ಕರಾವಳಿಯ ಮಳೆಗಾಲದಲ್ಲಿ ಬೌಸರ್‌ನ ಮೇಲ್ಮುಚ್ಚಳದ ಸುತ್ತಲಿನ ತೊಟ್ಟಿಯಿಂದ ನೀರು ಹೊರಹೋಗುವ ರಂಧ್ರ ಎಲೆಯಿಂದ ಕಟ್ಟಿಕೊಂಡರೆ ಸಾಕು, ನೀರು ಮುಚ್ಚಳದ ಮಟ್ಟಕ್ಕೆ ನಿಂತು ಒಳಗೆ ಜಿನುಗತೊಡಗುತ್ತದೆ. ಜೋರು ಮಳೆಯಾದ ಮೇಲೆ, ಬೌಸರ್ ತೊಳೆದ ಮೇಲೆ, ಪ್ರತಿ ಬಾರಿ ತುಂಬಿದ ಮೇಲೆ, ಬೆಳಗಿನ ಮೊದಲ ಕೆಲಸವಾಗಿ, ಈ ನಾಲ್ಕೂ ಹೊತ್ತಿನಲ್ಲಿ ತಳದ ಮಾದರಿ ತೆಗೆಯಲೇಬೇಕು.

## ಹಂತ 4: ಜಾಡಿಯನ್ನು ನೋಡುವ ಬಗೆ

ನೀರು ಹರಿಸಿದ ಮೇಲೆ ರಭಸದ ಹರಿವಿನಲ್ಲಿ ಒಂದು ಲೀಟರ್ ಹಿಡಿಯಿರಿ. ಗುಳ್ಳೆಗಳು ಹೋಗುವವರೆಗೆ ಒಂದು ನಿಮಿಷ ಬಿಡಿ. ಅನಂತರ ಜಾಡಿಯನ್ನು ಬೆಳಕಿಗೆ ಎದುರಾಗಿ ಹಿಡಿದು, ಕೈಯನ್ನು ಗುಂಡಗೆ ಆಡಿಸಿ, ಒಳಗೆ ಸುಳಿ ಏಳುವಂತೆ ತಿರುಗಿಸಿ ನಿಲ್ಲಿಸಿ. ತಳದ ನಟ್ಟನಡುವೆ, ಸುಳಿಯ ಬುಡದಲ್ಲಿ, ನೀರಿನ ಹನಿಯೂ ಕಸದ ಕಣವೂ ಬಂದು ಸೇರುತ್ತವೆ. ಜಾಡಿಯ ಬದಿಯನ್ನು ನೋಡುತ್ತ ಕೂರಬೇಡಿ, ಕಣ್ಣು ಆ ನಡುಬಿಂದುವಿನ ಮೇಲಿರಲಿ.

ಇಂಧನ ನೀರಿನಂತೆ ಬಣ್ಣವಿಲ್ಲದೆ ಇರಬಹುದು, ತೆಳು ಹುಲ್ಲಿನ ಹಳದಿಯೂ ಇರಬಹುದು. ಬಣ್ಣ ಒಂದರಿಂದಲೇ ತೀರ್ಮಾನ ಬೇಡ. ಆದರೆ ಅದೇ ಟ್ಯಾಂಕಿನ ಬಣ್ಣ ನಿನ್ನೆಗಿಂತ ಬದಲಾಗಿದ್ದರೆ ಕಾರಣ ಕೇಳಿ. ನೋಡಬೇಕಾದದ್ದು ಎರಡು ಗುಣ: ತಿಳಿ, ಹೊಳಪು. ತಿಳಿಯೆಂದರೆ ತೇಲುವ ಕಣವಾಗಲಿ ನೀರಾಗಲಿ ಇಲ್ಲದಿರುವುದು. ಹೊಳಪೆಂದರೆ ಬೆಳಕು ಮಸುಕಿಲ್ಲದೆ ಹಾದುಬಂದು ಮಿನುಗುವುದು. ಜಾಡಿಯ ಹಿಂದೆ ಅಚ್ಚಾದ ಕಾಗದ ಹಿಡಿದರೆ ಅಕ್ಷರದ ಅಂಚು ಚೂಪಾಗಿ ಕಾಣಬೇಕು.

ಮಬ್ಬು ಕಂಡರೆ ಅದು ಯಾವ ಕಡೆಯಿಂದ ತಿಳಿಯಾಗುತ್ತದೆಂದು ನೋಡಿ. ಗಾಳಿಯ ಗುಳ್ಳೆ ಮೇಲೇರುವುದರಿಂದ ಮೊದಲು ತಳ ತಿಳಿಯಾಗುತ್ತದೆ, ಅದೂ ಬೇಗನೆ. ನೀರಿನ ಹನಿ ಕೆಳಗಿಳಿಯುವುದರಿಂದ ಮೊದಲು ಮೇಲ್ಭಾಗ ತಿಳಿಯಾಗಿ ಮಬ್ಬು ನಿಧಾನವಾಗಿ ಕೆಳಗೆ ಸರಿಯುತ್ತದೆ. ಇಷ್ಟು ಗೊತ್ತಿದ್ದರೆ ‘ಬರೀ ಗಾಳಿ ಇರಬೇಕು’ ಎಂದು ಮಬ್ಬಾದ ಜಾಡಿಯನ್ನು ಪಾಸು ಮಾಡುವ ತಪ್ಪು ಅರ್ಧಕ್ಕರ್ಧ ತಗ್ಗುತ್ತದೆ.

ಎಲ್ಲಕ್ಕಿಂತ ಮೋಸದ ಜಾಡಿ ಎಂದರೆ ಪೂರ್ತಿ ನೀರೇ ತುಂಬಿರುವ ಜಾಡಿ. ಅದರಲ್ಲಿ ಹನಿಯಿಲ್ಲ, ಪದರವಿಲ್ಲ, ಮಬ್ಬಿಲ್ಲ. ಅದು ಅತ್ಯಂತ ತಿಳಿ, ಅತ್ಯಂತ ಹೊಳಪು. ತರಬೇತಿಗೆ ಬಂದವರ ಮುಂದೆ ನಾನು ಇಂಧನದ ಎರಡು ಜಾಡಿಗಳ ನಡುವೆ ನಲ್ಲಿ ನೀರಿನ ಒಂದು ಜಾಡಿ ಇಟ್ಟು ದೂರದಿಂದ ತೋರಿಸುತ್ತೇನೆ, ಮೂರಕ್ಕೂ ‘ಸರಿಯಿದೆ’ ಎಂದು ಬರೆದುಕೊಡುವವರು ಸಿಕ್ಕೇ ಸಿಗುತ್ತಾರೆ. ಸಂದೇಹ ಬಂದರೆ ಜಾಡಿಗೆ ಕೆಲವು ಹನಿ ನೀರು ಬಿಡಿ: ಒಳಗಿರುವುದು ಇಂಧನವಾದರೆ ಹನಿಗಳು ಗುಂಡಗೆ ತಳಕ್ಕಿಳಿಯುತ್ತವೆ, ನೀರಾದರೆ ಕಾಣದಂತೆ ಬೆರೆತುಹೋಗುತ್ತವೆ.

## ಹಂತ 5: ಕ್ಯಾಪ್ಸೂಲಿನಿಂದ ನೀರಿನ ಪರೀಕ್ಷೆ

ವಿಮಾನಕ್ಕೆ ಹೋಗುವ ಇಂಧನದಲ್ಲಿ ಕರಗದೆ ಉಳಿದ ನೀರು ದಶಲಕ್ಷಕ್ಕೆ 30 ಭಾಗ ಮೀರಬಾರದೆಂಬುದು ವಾಡಿಕೆಯ ಮಿತಿ. ಸಾವಿರ ಲೀಟರಿಗೆ 30 ಮಿಲಿಲೀಟರ್. ಅಷ್ಟು ಚದುರಿದ ನೀರು ಬರಿಗಣ್ಣಿಗೆ ಸಿಗದೆ ಹೋಗಬಹುದು, ಅದಕ್ಕಾಗಿ ಕ್ಯಾಪ್ಸೂಲ್.

ಕ್ರಮ ಹೀಗಿದೆ. ಡಬ್ಬಿಯ ಮೇಲಿನ ಕೊನೆಯ ದಿನಾಂಕ ನೋಡಿ. ದಿನಾಂಕ ಮೀರಿದ ಕ್ಯಾಪ್ಸೂಲ್ ಕಸಕ್ಕೆ. ಒಂದನ್ನು ತೆಗೆದ ತಕ್ಷಣ ಡಬ್ಬಿಯ ಮುಚ್ಚಳ ಹಾಕಿ, ಏಕೆಂದರೆ ತೇವದ ಗಾಳಿಯೇ ಉಳಿದವನ್ನು ಕೆಡಿಸುತ್ತದೆ. ಒಳಗಿನ ಕಾಗದ ಹಳದಿಯಾಗಿಯೇ ಇದೆಯೆಂದು ಮೊದಲು ಖಚಿತಪಡಿಸಿಕೊಳ್ಳಿ. ಒಣ ಸಿರಿಂಜಿಗೆ ಸಿಕ್ಕಿಸಿ, ಕ್ಯಾಪ್ಸೂಲನ್ನು ಇಂಧನದಲ್ಲಿ ಅದ್ದಿ, ಸರಿಯಾಗಿ 5 ಮಿಲಿಲೀಟರ್ ಎಳೆಯಿರಿ. ಹಳದಿಯ ಮೇಲೆ ಹಸಿರು ಮಚ್ಚೆ ಮೂಡಿದರೆ ನೀರಿದೆ. ನಡುವಿನ ತೊಯ್ದ ಭಾಗವನ್ನು ಅಂಚಿನ ತೊಯ್ಯದ ಭಾಗದೊಂದಿಗೆ ಹೋಲಿಸಿ ನೋಡಿ, ತೆಳು ಬದಲಾವಣೆಯೂ ತಿಳಿಯುತ್ತದೆ.

ಇಲ್ಲಿ ಎರಡು ತಪ್ಪುಗಳು ಮರುಕಳಿಸುತ್ತವೆ. ಮೊದಲನೆಯದು, ಮಾದರಿಯನ್ನು ಮೇಜಿನ ಮೇಲಿಟ್ಟು ಫೋನಿಗೆ ಉತ್ತರಿಸಿ ಬಂದು ಪರೀಕ್ಷಿಸುವುದು. ಅಷ್ಟರಲ್ಲಿ ನೀರು ಜಾಡಿಯ ತಳಕ್ಕಿಳಿದಿರುತ್ತದೆ, ಮಧ್ಯದಿಂದ ಎಳೆದ ಇಂಧನ ಶುದ್ಧವೆಂದು ತೋರುತ್ತದೆ. ಮಾದರಿ ಹಿಡಿದ ಕೂಡಲೇ ಕುಲುಕಿ ಎಳೆಯಬೇಕು. ಎರಡನೆಯದು, ಇಂಧನ ಹರಿಯದೆ ನಿಂತಿರುವಾಗ ಫಿಲ್ಟರಿನ ಆಚೆಯ ಕೊಳವೆಯಿಂದ ಮಾದರಿ ಹಿಡಿಯುವುದು. ಹರಿವು ಪೂರ್ಣ ವೇಗದಲ್ಲಿದ್ದಾಗ ಹಿಡಿದ ಮಾದರಿ ಮಾತ್ರ ವಿಮಾನದೊಳಗೆ ಹೋಗುತ್ತಿರುವುದು ಏನೆಂದು ಹೇಳಬಲ್ಲದು.

## ಹಂತ 6: ಫಿಲ್ಟರಿನ ಒತ್ತಡ ಓದುವುದು

ಫಿಲ್ಟರಿನ ಒಳಬದಿಗೂ ಹೊರಬದಿಗೂ ಇರುವ ಒತ್ತಡದ ವ್ಯತ್ಯಾಸ ದಿನಕಳೆದಂತೆ ನಿಧಾನವಾಗಿ ಏರುತ್ತದೆ, ಏಕೆಂದರೆ ಕೊಳೆ ಸೇರುತ್ತಿರುತ್ತದೆ. ಸೆಪರೇಟರ್ ಮಾದರಿಯ ಫಿಲ್ಟರುಗಳಲ್ಲಿ ಇದು 1 ಬಾರ್, ಎಂದರೆ ಸುಮಾರು 15 ಪಿಎಸ್‌ಐ ತಲುಪುವ ಮುನ್ನವೇ ಒಳಗಿನ ಸೋಸುವ ಭಾಗವಾದ ಎಲಿಮೆಂಟ್ ಬದಲಿಸಬೇಕು. ಈ ಏರಿಕೆಯನ್ನು ಎಲ್ಲರೂ ಗಮನಿಸುತ್ತಾರೆ. ಗಮನಿಸದೆ ಬಿಡುವುದು ಇಳಿಕೆಯನ್ನು. ಕಳೆದ ವಾರ 9 ಪಿಎಸ್‌ಐ ಇದ್ದದ್ದು ಈ ವಾರ 4ಕ್ಕೆ ಬಂದರೆ ಫಿಲ್ಟರ್ ಚೇತರಿಸಿಕೊಂಡಿದೆ ಎಂದಲ್ಲ, ಎಲಿಮೆಂಟ್ ಹರಿದಿದೆ ಅಥವಾ ಸೀಲು ಬಿಟ್ಟಿದೆ, ಇಂಧನ ಸೋಸಿಕೊಳ್ಳದೆ ಹಾದುಹೋಗುತ್ತಿದೆ ಎಂದರ್ಥ. ತಕ್ಷಣ ನಿಲ್ಲಿಸಿ ತೆರೆದು ನೋಡಿ.

ಒತ್ತಡವನ್ನು ಯಾವ ಹರಿವಿನ ವೇಗದಲ್ಲಿ ಓದಿದಿರೆಂಬುದನ್ನೂ ಜೊತೆಗೇ ಬರೆಯಿರಿ. ಅರ್ಧ ವೇಗದಲ್ಲಿ ಓದಿದ ಒತ್ತಡ ಎಂದಿಗೂ ಕಡಿಮೆಯೇ ಇರುತ್ತದೆ. ಅದನ್ನು ಪೂರ್ಣ ವೇಗಕ್ಕೆ ಪರಿವರ್ತಿಸದೆ ಗ್ರಾಫಿಗೆ ಹಾಕಿದರೆ ಗ್ರಾಫ್ ಇದ್ದೂ ಇಲ್ಲದಂತೆ. ಸೋಪಿನಂಥ ಗುಣವಿರುವ ರಾಸಾಯನಿಕಗಳು ಇಂಧನದಲ್ಲಿ ಸೇರಿದರಂತೂ ಸೆಪರೇಟರಿನ ನೀರು ಬೇರ್ಪಡಿಸುವ ಶಕ್ತಿಯೇ ಹೋಗಿಬಿಡುತ್ತದೆ, ಒತ್ತಡ ಮಾತ್ರ ಮಾಮೂಲಾಗಿಯೇ ಇರುತ್ತದೆ. ಫಿಲ್ಟರಿನ ತಳದ ತಗ್ಗಾದ ಸಂಪ್‌ನಲ್ಲಿ ಕಂದು ಬಣ್ಣದ, ಲೋಳೆಯಂಥ ಪದರ ಕಂಡರೆ ಅದೇ ಸುಳಿವು.

ಈ ಹಂತವನ್ನು ಹಗುರವಾಗಿ ಕಾಣುವವರಿಗೆ 2010ರ ಏಪ್ರಿಲ್ 13ರ ಘಟನೆಯನ್ನು ಹೇಳಲೇಬೇಕು. ಇಂಡೋನೇಷ್ಯಾದ ಸುರಬಾಯದಿಂದ ಹಾಂಗ್‌ಕಾಂಗ್‌ಗೆ ಹೊರಟ ಕ್ಯಾಥೆ ಪೆಸಿಫಿಕ್ 780, ಏರ್‌ಬಸ್ ಎ330 ವಿಮಾನ. ನಿಲ್ದಾಣದಲ್ಲಿ ನೆಲದಡಿಯಿಂದ ವಿಮಾನಗಳಿಗೆ ಇಂಧನ ತರುವ ಹೈಡ್ರೆಂಟ್ ಕೊಳವೆಜಾಲ ವಿಸ್ತರಿಸುವ ಕಾಮಗಾರಿಯ ವೇಳೆ ಉಪ್ಪು ನೀರು ಒಳಸೇರಿತ್ತು, ಜಾಲವನ್ನು ಮತ್ತೆ ಬಳಕೆಗೆ ತೆಗೆದುಕೊಳ್ಳುವಾಗ ಶುಚಿಗೊಳಿಸುವ ಕೆಲಸ ಸರಿಯಾಗಿ ನಡೆದಿರಲಿಲ್ಲ. ಆ ಜಾಲದಿಂದ ವಿಮಾನಕ್ಕೆ ಇಂಧನ ಹಾಯಿಸುವ ವಾಹನವಾದ ಡಿಸ್ಪೆನ್ಸರಿನ ಫಿಲ್ಟರ್ ಮಾನಿಟರಿನಲ್ಲಿ ನೀರು ಹೀರಿ ಉಬ್ಬುವ ಪಾಲಿಮರ್ ಇರುತ್ತದೆ. ಉಪ್ಪು ನೀರು ತಗುಲಿ ಆ ಪಾಲಿಮರಿನ ಸಣ್ಣ ಗೋಲಿಗಳು ಇಂಧನದೊಂದಿಗೆ ವಿಮಾನ ಸೇರಿದವು, ಎಂಜಿನ್ನಿಗೆ ಇಂಧನ ಅಳೆದು ಕೊಡುವ ವಾಲ್ವುಗಳನ್ನು ಬಿಗಿದವು. ಇಳಿಯುವ ಹೊತ್ತಿಗೆ ಒಂದು ಎಂಜಿನ್ ಸುಮಾರು 70 ಶೇಕಡಾ ವೇಗದಲ್ಲೇ ಸಿಕ್ಕಿಕೊಂಡಿತು, ಇನ್ನೊಂದರ ಶಕ್ತಿ ಬಹುಮಟ್ಟಿಗೆ ಇಲ್ಲವಾಯಿತು. ಪೈಲಟರು ಸುಮಾರು 230 ನಾಟ್, ಎಂದರೆ ಗಂಟೆಗೆ ಸುಮಾರು 425 ಕಿಲೋಮೀಟರ್ ವೇಗದಲ್ಲಿ ಇಳಿಸಬೇಕಾಯಿತು. ವಿಮಾನದಲ್ಲಿದ್ದ 322 ಜನರೂ ಬದುಕಿ ಉಳಿದರು, ತುರ್ತಾಗಿ ಹೊರಬರುವಾಗ 57 ಪ್ರಯಾಣಿಕರಿಗೆ ಗಾಯಗಳಾದವು.

ನಮ್ಮ ಕೆಲಸಕ್ಕೆ ಸಂಬಂಧಿಸಿದ ವಿವರ ಇನ್ನೊಂದಿದೆ. ಸುರಬಾಯದಲ್ಲಿ ಇಂಧನ ತುಂಬುವಾಗಲೇ ಮೆದುಗೊಳವೆ ಅದುರುತ್ತಿತ್ತು, ಅದಕ್ಕಾಗಿ ಕೆಲಸ ನಡುವೆ ನಿಂತಿತ್ತು. ತೆಗೆದ ಮಾದರಿ ಕಣ್ಣಿಗೆ ತಿಳಿಯಾಗಿ ಕಂಡದ್ದರಿಂದ ತುಂಬುವುದು ಮುಂದುವರಿಯಿತು. ಮೆದುಗೊಳವೆಯ ಅದುರು, ಒತ್ತಡದ ಏರಿಳಿತ, ಹರಿವು ಕಾರಣವಿಲ್ಲದೆ ಕುಗ್ಗುವುದು, ಇವೆಲ್ಲ ಫಿಲ್ಟರ್ ಕೊಡುವ ಸೂಚನೆಗಳು. ಜಾಡಿ ತಿಳಿಯಾಗಿದೆಯೆಂಬುದು ಅವಕ್ಕೆ ಉತ್ತರವಾಗಲಾರದು. ಈ ಬಗೆಯ ಪಾಲಿಮರ್ ಮಾನಿಟರುಗಳನ್ನು ವಿಮಾನಯಾನ ಕ್ಷೇತ್ರ ಮುಂದೆ ಕೈಬಿಡುವ ತೀರ್ಮಾನಕ್ಕೆ ಬಂತು. ನಿಮ್ಮ ನಿಲ್ದಾಣದಲ್ಲಿ ಕೊಳವೆ ಕಾಮಗಾರಿ ನಡೆದಿದ್ದರೆ, ಆ ಭಾಗವನ್ನು ರಭಸದಿಂದ ತೊಳೆದು, ತಗ್ಗಿನ ಪ್ರತಿ ಬಿಂದುವಿನ ಮಾದರಿ ಪಾಸಾಗಿ, ಬಿಡುಗಡೆ ಪತ್ರಕ್ಕೆ ಸಹಿ ಬೀಳುವವರೆಗೆ ಅಲ್ಲಿಂದ ಒಂದು ಲೀಟರನ್ನೂ ವಿಮಾನಕ್ಕೆ ಕೊಡಬೇಡಿ.

## ಹಂತ 7: ಡ್ರಮ್ಮುಗಳು, ಸೇರ್ಪಡೆಗಳು, ಸೂಕ್ಷ್ಮಜೀವಿಗಳು

ಅಮೆರಿಕದ ಒಮಾಹಾದಲ್ಲಿ 2017ರಲ್ಲಿ, ಫ್ಲಾರಿಡಾದಲ್ಲಿ 2018ರಲ್ಲಿ, ಮತ್ತೆ ಫ್ಲಾರಿಡಾದ ಪುಂಟಾ ಗೋರ್ಡಾದಲ್ಲಿ 2019ರಲ್ಲಿ ಒಂದೇ ತಪ್ಪು ಮೂರು ಸಲ ಆಯಿತು. ಇಂಧನದಲ್ಲಿ ನೀರು ಹೆಪ್ಪುಗಟ್ಟದಂತೆ ಸೇರಿಸುವ ದ್ರವದ ಬದಲಿಗೆ ಡೀಸೆಲ್ ಲಾರಿಗಳ ಹೊಗೆ ಶುದ್ಧಿಗೆ ಬಳಸುವ ಡಿಇಎಫ್ ದ್ರವ ಬೌಸರ್‌ಗಳಿಗೆ ಸೇರಿತು. ಎರಡೂ ಬಣ್ಣವಿಲ್ಲದ ದ್ರವಗಳು. ಡಿಇಎಫ್ ಎಂದರೆ ನೀರಿನಲ್ಲಿ ಕರಗಿಸಿದ 32.5 ಶೇಕಡಾ ಯೂರಿಯಾ. ಇಂಧನದಲ್ಲಿ ಅದು ಹರಳುಗಟ್ಟಿ ಫಿಲ್ಟರ್ ಕಟ್ಟುತ್ತದೆ, ಹಾರುವಾಗಲೇ ಎಂಜಿನ್ ನಿಲ್ಲುತ್ತದೆ. ನಮ್ಮಲ್ಲಿ ಆ ಸೇರ್ಪಡೆಯ ಬಳಕೆ ಇಲ್ಲದ ಕೇಂದ್ರಗಳಲ್ಲೂ ಬಿಎಸ್-6 ಡೀಸೆಲ್ ವಾಹನಗಳಿಗಾಗಿ ಡಿಇಎಫ್ ಕ್ಯಾನುಗಳು ಅದೇ ಅಂಗಳದಲ್ಲಿ ಇರುತ್ತವೆ. ಅವುಗಳಿಗೆ ಬೇರೆ ಕೋಣೆ, ಬೇರೆ ಬೀಗ, ಬೇರೆ ಆಲಿಕೆ ಇರಲಿ. ಚೀಟಿ ಹರಿದ ಕ್ಯಾನಿನಲ್ಲಿ ಏನಿದೆಯೆಂದು ಊಹಿಸದೆ ಹೊರಗೆ ಹಾಕಿಸಿ.

ಇಂಧನಕ್ಕೂ ತಳದ ನೀರಿಗೂ ನಡುವಿನ ಗಡಿಯಲ್ಲಿ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಕೊಳೆತ ಮೊಟ್ಟೆಯ ವಾಸನೆ, ಗಡಿಯಲ್ಲಿ ಕಪ್ಪು ಅಥವಾ ಕಂದು ಜಾಲರಿಯಂಥ ಪೊರೆ, ಪದೇ ಪದೇ ಕಟ್ಟುವ ಫಿಲ್ಟರ್ ಇವು ಲಕ್ಷಣಗಳು. ಪರಿಹಾರ ಟ್ಯಾಂಕಿನ ನೀರು ತೆಗೆದು ಶುಚಿಗೊಳಿಸುವುದು. ಜೀವಿನಾಶಕವನ್ನು ಸ್ವಂತ ಲೆಕ್ಕದಲ್ಲಿ ಹಾಕಬೇಡಿ. 2020ರ ಫೆಬ್ರವರಿಯಲ್ಲಿ ಲಂಡನ್ನಿನ ಗ್ಯಾಟ್‌ವಿಕ್‌ನಿಂದ ಏರಿದ ಎ321 ವಿಮಾನದ ಎರಡೂ ಎಂಜಿನ್‌ಗಳು ಕೆಲವೇ ಕ್ಷಣಗಳಲ್ಲಿ ತಡಬಡಿಸಿದ್ದು, ನಿರ್ವಹಣೆಯ ವೇಳೆ ಅದರ ಟ್ಯಾಂಕುಗಳಿಗೆ ಜೀವಿನಾಶಕವನ್ನು ಸೂಚಿತ ಪ್ರಮಾಣದ 38 ಪಟ್ಟು ಹಾಕಿದ್ದರಿಂದ.

## ಹಂತ 8: ವಿಮಾನದ ಬಳಿ

ಬಾಂಡಿಂಗ್ ಕೇಬಲ್ ಮೊದಲು, ಮೆದುಗೊಳವೆ ಆಮೇಲೆ. ಬಿಚ್ಚುವಾಗ ಕೇಬಲ್ ಕೊನೆಗೆ. ಕೈ ಬಿಟ್ಟ ಕೂಡಲೇ ಹರಿವು ನಿಲ್ಲಿಸುವ ಡೆಡ್‌ಮ್ಯಾನ್ ಹಿಡಿಕೆಯನ್ನು ಟೇಪು ಸುತ್ತಿ ಬಿಗಿಯುವುದು ಎಲ್ಲಿಯೂ ಸಲ್ಲದು.

ರೆಕ್ಕೆಯ ಮೇಲಿನಿಂದ ತುಂಬುವ ಸಣ್ಣ ವಿಮಾನಗಳಲ್ಲಿ ದರ್ಜೆಯ ತಪ್ಪು ಜೀವ ತೆಗೆಯುತ್ತದೆ. ಏವ್‌ಗ್ಯಾಸ್ 100ಎಲ್‌ಎಲ್ ನೀಲಿ ಬಣ್ಣದ್ದು, ಅದರ ಫಲಕ ಕೆಂಪು. ಜೆಟ್ ಎ-1ರ ಫಲಕ ಕಪ್ಪು. ಜೆಟ್ ಇಂಧನದ ನಳಿಕೆಯ ಬಾಯಿಯನ್ನು ಅಗಲವಾಗಿ ಮಾಡಿರುವುದು ಏವ್‌ಗ್ಯಾಸ್ ಟ್ಯಾಂಕಿನ ಕಿರಿದಾದ ಬಾಯಿಗೆ ಅದು ಇಳಿಯಬಾರದೆಂದೇ. ನಳಿಕೆ ಹೊಂದುತ್ತಿಲ್ಲವೆಂದು ಚಿಕ್ಕ ನಳಿಕೆ ಬದಲಿಸಿ ತಂದವರು ಆ ಕೊನೆಯ ತಡೆಯನ್ನೇ ಕಿತ್ತುಹಾಕಿದಂತೆ. ಪ್ರೊಪೆಲ್ಲರ್ ನೋಡಿ ಇಂಧನ ನಿರ್ಧರಿಸಬೇಡಿ. ಎಟಿಆರ್ 72ಕ್ಕೆ ಪ್ರೊಪೆಲ್ಲರ್ ಇದ್ದರೂ ಅದು ಜೆಟ್ ಎ-1 ಬಳಸುತ್ತದೆ. ಡೈಮಂಡ್ ಡಿಎ42ರಂಥ ತರಬೇತಿ ವಿಮಾನದ ಪಿಸ್ಟನ್ ಎಂಜಿನ್ ಕೂಡ ಜೆಟ್ ಎ-1ರಲ್ಲೇ ಓಡುತ್ತದೆ, ಅದರ ಪಕ್ಕದಲ್ಲೇ ನಿಂತ ಸೆಸ್ನಾ 172ಕ್ಕೆ ಬಹುಪಾಲು ಏವ್‌ಗ್ಯಾಸ್ ಬೇಕು. ಟ್ಯಾಂಕಿನ ಬಾಯಿಯ ಬಳಿಯ ಫಲಕ ಓದಿ, ಪೈಲಟರಿಂದ ದರ್ಜೆಗೆ ಲಿಖಿತ ಒಪ್ಪಿಗೆ ಪಡೆಯಿರಿ.

## ಹಂತ 9: ಮಾದರಿ ಫೇಲಾದರೆ

ಮೊದಲು ಹರಿವು ನಿಲ್ಲಿಸಿ, ವಾಲ್ವುಗಳನ್ನು ಮುಚ್ಚಿ, ಬೌಸರ್ ಅಥವಾ ಟ್ಯಾಂಕಿಗೆ ‘ಬಳಕೆಗೆ ಇಲ್ಲ’ ಎಂಬ ಚೀಟಿ ಕಟ್ಟಿ. ಫೇಲಾದ ಜಾಡಿಯನ್ನು ಚೆಲ್ಲಬೇಡಿ. ಮುಚ್ಚಿ, ಸೀಲು ಹಾಕಿ, ಗಂಟೆ, ಜಾಗ, ತೆಗೆದವರ ಹೆಸರು ಬರೆದು ಕಾದಿರಿಸಿ. ಇನ್ನೊಂದು ಶುಚಿಯಾದ ಜಾಡಿಯಲ್ಲಿ, ಬೇರೊಬ್ಬರ ಮುಂದೆ, ಎರಡನೆಯ ಮಾದರಿ ತೆಗೆಯಿರಿ. ಅದು ಪಾಸಾದರೆ ಮೊದಲನೆಯದು ಏಕೆ ಫೇಲಾಯಿತೆಂಬುದಕ್ಕೆ ಕಾರಣ ಸಿಗಲೇಬೇಕು. ಜಾಡಿ ಕೊಳೆಯಾಗಿತ್ತೆಂದು ಊಹೆಯಿಂದ ಬರೆಯುವಂತಿಲ್ಲ.

ವಿಮಾನಕ್ಕೆ ಆಗಲೇ ಸ್ವಲ್ಪ ಇಂಧನ ಹೋಗಿದ್ದರೆ ಕ್ಯಾಪ್ಟನ್‌ಗೂ ವಿಮಾನ ಸಂಸ್ಥೆಯ ಎಂಜಿನಿಯರ್‌ಗೂ ಆ ಕ್ಷಣವೇ ಹೇಳಿ, ಹೇಳಿದ ಗಂಟೆಯನ್ನು ಬರೆದಿಡಿ. ಕೊನೆಯ ಬಾರಿ ಮಾದರಿ ಪಾಸಾದ ಹೊತ್ತಿನಿಂದ ಈವರೆಗೆ ಅದೇ ಟ್ಯಾಂಕು, ಅದೇ ಬೌಸರ್, ಅದೇ ಹೈಡ್ರೆಂಟ್ ಭಾಗದಿಂದ ಇಂಧನ ಪಡೆದ ಎಲ್ಲ ವಿಮಾನಗಳ ಪಟ್ಟಿ ಮಾಡಿ. ಅವುಗಳಲ್ಲಿ ಯಾವುದಾದರೂ ಗಾಳಿಯಲ್ಲಿದ್ದರೆ ಸಂಸ್ಥೆಯ ಕಾರ್ಯಾಚರಣೆ ಕೊಠಡಿಗೂ ವಾಯು ಸಂಚಾರ ನಿಯಂತ್ರಣಕ್ಕೂ ಸುದ್ದಿ ಮುಟ್ಟಬೇಕು. ಮೇಲಧಿಕಾರಿ ಬರಲಿ, ಖಚಿತವಾಗಲಿ ಎಂದು ಇಲ್ಲಿ ಕಾಯಬೇಡಿ. ಸುಳ್ಳು ಎಚ್ಚರಿಕೆಯಿಂದ ಒಂದು ವಿಮಾನ ತಡವಾಗಬಹುದು, ಅಷ್ಟೇ.

ಫೇಲಾದ ಇಂಧನವನ್ನು ಮೂಲ ಟ್ಯಾಂಕಿಗೆ ಮರಳಿ ಹಾಕುವುದು ನಿಷಿದ್ಧ. ಅದರಿಂದ ಒಂದು ಬೌಸರಿನ ತೊಂದರೆ ಇಡೀ ಡಿಪೋಗೆ ಹರಡುತ್ತದೆ. ಕಾರಣ ಸಿಕ್ಕಿ, ಸರಿಪಡಿಸಿ, ಫಿಲ್ಟರ್ ಎಲಿಮೆಂಟುಗಳನ್ನು ತೆರೆದು ನೋಡಿ ಅಗತ್ಯವಿದ್ದರೆ ಬದಲಿಸಿದ ಮೇಲೆ, ಟ್ಯಾಂಕಿಗೆ ಮತ್ತೆ ಪೂರ್ಣ ಸಮಯ ಕೊಟ್ಟು ಎರಡನೆಯ ಹಂತದಿಂದಲೇ ಆರಂಭಿಸಿ. ಬಿಡುಗಡೆ ಪತ್ರಕ್ಕೆ ಮಾದರಿ ತೆಗೆದವರದ್ದಲ್ಲದೆ ಇನ್ನೊಬ್ಬರ ಸಹಿಯೂ ಇರಲಿ, ಮತ್ತು ಆ ಪತ್ರದಲ್ಲಿ ಮೊದಲ ಹರಿವಿನಲ್ಲಿ ಸಿಕ್ಕ ನೀರಿನ ಅಳತೆ ಮಿಲಿಲೀಟರಿನಲ್ಲಿ ಇರಲಿ, ಸೊನ್ನೆಯಿದ್ದರೂ ಸೊನ್ನೆಯೆಂದೇ ಬರೆಯಿರಿ.